ಮೊಬೈಲ್ ಸಾಧನ ನಿರ್ವಹಣೆಯ ತರಬೇತಿ ಕೊಡಗಿನಲ್ಲೇ ನಡೆಯಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಕಚೇರಿಯ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿನಿಂದ ಕೈಯಲ್ಲಿರುವ ಫೋನಿಗೂ ಟ್ಯಾಬಿಗೂ ಬಂದು ಆಗಲೇ ಹಲವು ವರ್ಷಗಳಾದವು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಮಕ್ಕಳ ತೂಕ, ಎತ್ತರಗಳನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಿಸುತ್ತಿದ್ದಾರೆ. ಉದ್ಯೋಗ ಖಾತರಿ ಕಾಮಗಾರಿಗಳ ಹಾಜರಾತಿಯನ್ನು ಮೊಬೈಲಿನಲ್ಲೇ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ತೋಟಗಳಲ್ಲಿ ರೈಟರುಗಳು ಕುಯ್ಲಿನ ತೂಕವನ್ನೂ ಕಾರ್ಮಿಕರ ಲೆಕ್ಕವನ್ನೂ ಫೋನಿನಲ್ಲಿ ಬರೆಯುತ್ತಾರೆ. ಹೋಂಸ್ಟೇಗಳವರು ಅತಿಥಿಗಳ ಗುರುತಿನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ. ಇಷ್ಟು ಸಾಧನಗಳನ್ನು ಕೊಳ್ಳಲು ಟೆಂಡರ್ ಕರೆಯುವವರಿದ್ದಾರೆ, ಹಂಚುವ ಸಮಾರಂಭದಲ್ಲಿ ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ. ಅವುಗಳನ್ನು ಸರಿಯಾಗಿ ನಿಯೋಜಿಸಿ, ವರ್ಷಗಟ್ಟಲೆ ನಿರ್ವಹಿಸಬಲ್ಲ ಐಟಿ ಸಿಬ್ಬಂದಿಗೆ ತರಬೇತಿ ಕೊಡುವ ಮಾತು ಮಾತ್ರ ಅಪರೂಪ. ಈ ತರಬೇತಿ ಅಗತ್ಯವೆಂದೂ, ಅದು ಕೊಡಗಿನ ಮಳೆ, ಕರೆಂಟು ಮತ್ತು ಸಿಗ್ನಲ್ಲಿನ ಪರಿಸ್ಥಿತಿಯಲ್ಲೇ ನಡೆಯಬೇಕೆಂದೂ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಐಟಿ ವಲಯದವರು ಎಂಡಿಎಂ ಎಂದು ಕರೆಯುವ ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್ ಎಂಬುದು ಒಂದು ಸಂಸ್ಥೆಯ ಎಲ್ಲ ಫೋನು, ಟ್ಯಾಬುಗಳನ್ನು ಒಂದೇ ಕನ್ಸೋಲಿನಲ್ಲಿ, ಅಂದರೆ ನಿಯಂತ್ರಣ ಪರದೆಯಲ್ಲಿ, ನೋಂದಾಯಿಸಿಕೊಂಡು, ಪಾಸ್‌ವರ್ಡಿನ ನಿಯಮ ವಿಧಿಸಿ, ಕೆಲಸಕ್ಕೆ ಬೇಕಾದ ಆ್ಯಪ್‌ಗಳನ್ನು ಮಾತ್ರ ಹಾಕಿ, ಸಾಧನ ಕಳೆದುಹೋದರೆ ದೂರದಿಂದಲೇ ಅದಕ್ಕೆ ಬೀಗ ಹಾಕುವ ಅಥವಾ ಅದರಲ್ಲಿರುವ ದತ್ತಾಂಶವನ್ನು ಅಳಿಸುವ ವ್ಯವಸ್ಥೆ. ಆ್ಯಪಲ್ ಕಂಪನಿ 2010ರಲ್ಲಿ ಐಒಎಸ್ 4ರೊಂದಿಗೆ ಇದಕ್ಕೆ ಅವಕಾಶ ಮಾಡಿಕೊಟ್ಟಿತು. ಗೂಗಲ್ 2015ರಲ್ಲಿ ಆಂಡ್ರಾಯ್ಡ್ ಫಾರ್ ವರ್ಕ್ ಹೆಸರಿನಲ್ಲಿ ತಂದದ್ದು ಈಗ ಆಂಡ್ರಾಯ್ಡ್ ಎಂಟರ್‌ಪ್ರೈಸ್ ಆಗಿದೆ. ಮೈಕ್ರೋಸಾಫ್ಟಿನ ಇಂಟ್ಯೂನ್ ಇದೆ, ಚೆನ್ನೈ ಮೂಲದ ಜೋಹೊ ಸಂಸ್ಥೆಯ ಮ್ಯಾನೇಜ್‌ಎಂಜಿನ್ ಇದೆ, ಹೆಡ್‌ವಿಂಡ್‌ನಂಥ ಮುಕ್ತ ತಂತ್ರಾಂಶವೂ ಇದೆ. ಉಪಕರಣಗಳಿಗೆ ಕೊರತೆಯಿಲ್ಲ.

ಕೊರತೆಯಿರುವುದು ಕಲಿಕೆಯಲ್ಲಿ. ಈಗ ತರಬೇತಿಯೆಂದು ನಡೆಯುವುದು ಹೆಚ್ಚಾಗಿ ಮಾರಾಟಗಾರರ ಎಂಜಿನಿಯರು ಬೆಂಗಳೂರಿನಿಂದ ಬಂದು, ಪ್ರೊಜೆಕ್ಟರಿನಲ್ಲಿ ಕನ್ಸೋಲಿನ ಯಾವ ಗುಂಡಿ ಎಲ್ಲಿದೆ ಎಂದು ತೋರಿಸಿ, ಸಂಜೆಯ ಬಸ್ಸಿಗೆ ಹೊರಡುವ ಕಾರ್ಯಕ್ರಮ. ನನಗೆ ತಿಳಿದಿರುವ ಒಂದು ಸಂಸ್ಥೆಯಲ್ಲಿ ಹೀಗೆ ಬಂದವರು ಐಪ್ಯಾಡುಗಳ ನೋಂದಣಿಗೂ ಅವುಗಳಿಗೆ ಆದೇಶ ಕಳುಹಿಸುವುದಕ್ಕೂ ಬೇಕಾದ ಪುಶ್ ಸರ್ಟಿಫಿಕೇಟ್ ಎಂಬ ಡಿಜಿಟಲ್ ಪ್ರಮಾಣಪತ್ರವನ್ನು ತಮ್ಮ ವೈಯಕ್ತಿಕ ಆ್ಯಪಲ್ ಖಾತೆಯಿಂದಲೇ ಪಡೆದುಕೊಟ್ಟು ಹೋದರು. ಆ ಸರ್ಟಿಫಿಕೇಟಿನ ಆಯುಷ್ಯ ಒಂದು ವರ್ಷ. ಅದನ್ನು ಪಡೆದ ಖಾತೆಯಿಂದಲೇ ನವೀಕರಿಸಬೇಕು. ಬೇರೆ ಖಾತೆಯಿಂದ ಹೊಸದನ್ನು ಪಡೆದರೆ ಎಲ್ಲ ಸಾಧನಗಳನ್ನೂ ಮೊದಲಿನಿಂದ ನೋಂದಾಯಿಸಬೇಕಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಆ ಎಂಜಿನಿಯರು ಕೆಲಸ ಬದಲಿಸಿದ್ದರು. ಸಿದ್ದಾಪುರದ ಕಡೆಯ ಶಾಖೆಗಳಿಂದ ಹಿಡಿದು ಶನಿವಾರಸಂತೆಯವರೆಗೆ ಹರಡಿಹೋಗಿದ್ದ ಸಾಧನಗಳನ್ನೆಲ್ಲ ಮತ್ತೆ ಒಟ್ಟುಗೂಡಿಸುವ ಕೆಲಸ ಅಲ್ಲಿನ ಏಕೈಕ ಐಟಿ ಸಹಾಯಕರ ಪಾಲಿಗೆ ಬಂತು. ಅವರು ಅಸಮರ್ಥರಲ್ಲ. ಹೀಗೊಂದು ಸರ್ಟಿಫಿಕೇಟ್ ಇದೆಯೆಂಬುದನ್ನೇ ಅವರಿಗೆ ಯಾರೂ ಹೇಳಿರಲಿಲ್ಲ.

ಆಂಡ್ರಾಯ್ಡಿನಲ್ಲಿಯೂ ಇಂಥದೇ ಮೂಲಭೂತ ಸಂಗತಿಗಳಿವೆ. ಸಾಧನವನ್ನು ಪೂರ್ಣವಾಗಿ ಸಂಸ್ಥೆಯ ಹತೋಟಿಗೆ ತರಬೇಕಾದರೆ ಅದು ಪೆಟ್ಟಿಗೆಯಿಂದ ಆಗ ತಾನೇ ತೆಗೆದದ್ದಾಗಿರಬೇಕು ಅಥವಾ ಫ್ಯಾಕ್ಟರಿ ರೀಸೆಟ್ ಆಗಿರಬೇಕು. ಸ್ವಾಗತ ಪರದೆಯ ಮೇಲೆ ಒಂದೇ ಜಾಗದಲ್ಲಿ 6 ಬಾರಿ ಬೆರಳು ತಟ್ಟಿದರೆ ಕ್ಯೂಆರ್ ಕೋಡ್ ಓದುವ ಕ್ಯಾಮೆರಾ ತೆರೆದುಕೊಂಡು ನೋಂದಣಿ ಆರಂಭವಾಗುತ್ತದೆ. ಇದು ಗೊತ್ತಿಲ್ಲದೆ ಮೊದಲು ಟ್ಯಾಬುಗಳನ್ನು ಹಂಚಿ, ಸಿಬ್ಬಂದಿ ತಮ್ಮ ಜಿಮೇಲ್ ಖಾತೆ ಹಾಕಿಕೊಂಡು ಕೆಲಸ ಆರಂಭಿಸಿದ ಮೇಲೆ ಎಂಡಿಎಂ ಹಾಕಲು ಹೊರಟರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುವುದೊಂದೇ ದಾರಿ. ಖರೀದಿಗಿಂತ ಮುಂಚೆಯೇ ತರಬೇತಿ ಆಗಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಹಳೆಯ ಪದ್ಧತಿಯಾದ ಡಿವೈಸ್ ಅಡ್ಮಿನ್ ಅನ್ನು ಇನ್ನೂ ಕಲಿಸುವವರಿದ್ದಾರೆ. ಆ ಪದ್ಧತಿಯ ಪಾಸ್‌ವರ್ಡ್ ನಿಯಮಗಳನ್ನು ಗೂಗಲ್ 2019ರ ಆಂಡ್ರಾಯ್ಡ್ 10ರಲ್ಲೇ ನಿಲ್ಲಿಸಿತು. ಪಠ್ಯಕ್ರಮ ರೂಪಿಸುವವರು ಇಷ್ಟನ್ನಾದರೂ ನೋಡಿಕೊಳ್ಳಬೇಕು.

ಎಂಡಿಎಂ ಹಾಕಿದರೆ ಸುರಕ್ಷತೆ ತಾನಾಗಿ ಬಂದಿತೆಂಬ ಭಾವನೆಯನ್ನು ತರಬೇತಿಯ ಮೊದಲ ದಿನವೇ ಮುರಿಯುವುದು ಒಳ್ಳೆಯದು. 2024ರ ಆಗಸ್ಟ್ 4ರಂದು ಸಿಂಗಪುರದ ಶಾಲೆಗಳು ಬಳಸುತ್ತಿದ್ದ ಮೊಬೈಲ್ ಗಾರ್ಡಿಯನ್ ಎಂಬ ನಿರ್ವಹಣಾ ವ್ಯವಸ್ಥೆಗೆ ಯಾರೋ ಅಕ್ರಮವಾಗಿ ಪ್ರವೇಶಿಸಿದ ಪರಿಣಾಮವಾಗಿ, 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳಲ್ಲಿದ್ದುದೆಲ್ಲ ದೂರದಿಂದಲೇ ಅಳಿಸಿಹೋಯಿತು. ಮಕ್ಕಳು ಬರೆದಿಟ್ಟಿದ್ದ ಟಿಪ್ಪಣಿಗಳೂ ಅದರಲ್ಲಿ ಸೇರಿದ್ದವು. ಅಲ್ಲಿನ ಶಿಕ್ಷಣ ಇಲಾಖೆ ಆ ಆ್ಯಪ್ ಅನ್ನೇ ತೆಗೆದುಹಾಕಿತು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈಯಲ್ಲಿ, ನಾರ್ವೆಯ 12 ಸಚಿವಾಲಯಗಳು ಬಳಸುತ್ತಿದ್ದ ವೇದಿಕೆಗೆ ದಾಳಿಕೋರರು ನುಗ್ಗಿದ್ದು ಇವಾಂಟಿ ಎಂಬ ಕಂಪನಿಯ ಎಂಡಿಎಂ ತಂತ್ರಾಂಶದಲ್ಲಿದ್ದ ದೋಷದ ಮೂಲಕ. ಎಲ್ಲ ಬಾಗಿಲುಗಳಿಗೂ ಆಗುವ ಒಂದೇ ಕೀಲಿಯನ್ನು ಒಬ್ಬರ ಕೈಯಲ್ಲಿ ಕೊಟ್ಟಂತೆ ಈ ಕನ್ಸೋಲ್. ಅಡ್ಮಿನ್ ಖಾತೆಗೆ ಎರಡನೆಯ ಹಂತದ ದೃಢೀಕರಣವಿಲ್ಲದೆ, ಸಾಮೂಹಿಕವಾಗಿ ಅಳಿಸುವ ಆದೇಶಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕೆಂಬ ಕಟ್ಟುಪಾಡಿಲ್ಲದೆ, ಸರ್ವರಿನ ಭದ್ರತಾ ಅಪ್‌ಡೇಟುಗಳನ್ನು ಕಾಲಕಾಲಕ್ಕೆ ಹಾಕುವ ಶಿಸ್ತಿಲ್ಲದೆ ಎಂಡಿಎಂ ನಡೆಸುವುದಕ್ಕಿಂತ ಅದಿಲ್ಲದೆ ಇರುವುದೇ ಮೇಲು ಎಂದು ನನಗೆ ಅನ್ನಿಸುವುದುಂಟು. ಏನಾದರೂ ಅನಾಹುತವಾದರೆ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಯಾರು, ಯಾರಿಗೆ, ಹೇಗೆ ವರದಿ ಮಾಡಬೇಕೆಂಬುದು ಆ 6 ಗಂಟೆಯಲ್ಲಿ ಹುಡುಕಿ ತಿಳಿದುಕೊಳ್ಳುವ ವಿಷಯವಲ್ಲ.

ಇನ್ನು ಕೊಡಗಿನದೇ ಆದ ಮಾತಿಗೆ ಬರುತ್ತೇನೆ. ಬೆಂಗಳೂರಿನ ತರಬೇತಿ ಕೊಠಡಿಯಲ್ಲಿ ವೈಫೈ ಸದಾ ಇರುತ್ತದೆ; ಕನ್ಸೋಲಿನಲ್ಲಿ ಲಾಕ್ ಎಂದು ಒತ್ತಿದ ಕೂಡಲೇ ಮೇಜಿನ ಮೇಲಿನ ಫೋನ್ ಲಾಕ್ ಆಗುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ. ಆದೇಶ ಸಾಧನವನ್ನು ತಲುಪುವುದು ಅದು ಅಂತರ್ಜಾಲಕ್ಕೆ ಸಿಕ್ಕಾಗ ಮಾತ್ರ. ಗಾಳಿಬೀಡಿನಾಚೆ, ಭಾಗಮಂಡಲದ ಸುತ್ತಮುತ್ತ, ಮಾಕುಟ್ಟದ ರಸ್ತೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದು, ಟವರಿನ ಬ್ಯಾಟರಿ ಖಾಲಿಯಾಗಿ, ಜನರೇಟರಿಗೆ ಡೀಸೆಲ್ ತಲುಪದೆ ಸಂಪರ್ಕ ಕಡಿಯುವುದು ನಮಗೆ ಹೊಸದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡ ಕುಸಿದಾಗ ರಸ್ತೆ, ವಿದ್ಯುತ್, ಫೋನ್ ಮೂರೂ ಒಟ್ಟಿಗೆ ಹೋದದ್ದನ್ನು ಜಿಲ್ಲೆಯವರಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಎಂಡಿಎಂ ಹೇಗೆ ನಡೆದುಕೊಳ್ಳುತ್ತದೆ ಎಂಬುದು, ಅದನ್ನು ಹಾಕಿದವರು ತಿಂಗಳುಗಳ ಹಿಂದೆ ಯಾವ ಪಾಲಿಸಿ, ಅಂದರೆ ಸಾಧನಗಳಿಗೆ ಅನ್ವಯಿಸುವ ನಿಯಮಾವಳಿ, ಬರೆದಿದ್ದರೋ ಅದರ ಮೇಲೆ ನಿಂತಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇಷ್ಟು ದಿನಗಳೊಳಗೆ ಸರ್ವರನ್ನು ಸಂಪರ್ಕಿಸದ ಸಾಧನವನ್ನು ನಿಯಮಬಾಹಿರವೆಂದು ಪರಿಗಣಿಸಿ ಸಂಸ್ಥೆಯ ದತ್ತಾಂಶ ಅದಕ್ಕೆ ಸಿಗದಂತೆ ತಡೆಯುವ ಸೌಲಭ್ಯ ಬಹುತೇಕ ಎಲ್ಲ ಎಂಡಿಎಂಗಳಲ್ಲೂ ಇದೆ. ಇಂಟ್ಯೂನ್‌ನಲ್ಲಿ ಈ ಅವಧಿ ತಾನಾಗಿಯೇ 30 ದಿನಕ್ಕೆ ನಿಗದಿಯಾಗಿರುತ್ತದೆ. ಅಡ್ಮಿನ್ ಅದನ್ನು 1 ದಿನದಿಂದ 120 ದಿನದವರೆಗೆ ಎಷ್ಟಕ್ಕೆ ಬೇಕಾದರೂ ಬದಲಿಸಬಹುದು. ಎಚ್ಚರವೆಂದರೆ ಬಿಗಿಯೆಂದುಕೊಂಡ ಅಡ್ಮಿನ್ ಅದನ್ನು 2 ದಿನಕ್ಕೆ ಇಳಿಸಿಬಿಟ್ಟರೆ, ಮಳೆಗೆ ಸಂಪರ್ಕ ಕಡಿದು ಮೂರನೆಯ ದಿನ ಪರಿಹಾರ ಕೇಂದ್ರದಲ್ಲಿ ಕುಳಿತು ಕುಟುಂಬಗಳ ಪಟ್ಟಿ ಮಾಡಬೇಕಾದ ಸಿಬ್ಬಂದಿಯ ಟ್ಯಾಬ್ ನಿಷ್ಪ್ರಯೋಜಕವಾಗಬಹುದು. 120 ದಿನಕ್ಕೆ ಏರಿಸಿದರೆ, ಕುಶಾಲನಗರದ ಬಸ್ ನಿಲ್ದಾಣದಲ್ಲಿ ಕಳುವಾದ ಟ್ಯಾಬ್ ನಾಲ್ಕು ತಿಂಗಳು ನಿಯಮಬದ್ಧ ಸಾಧನವೆಂದೇ ಪಟ್ಟಿಯಲ್ಲಿ ಉಳಿದೀತು. ಸರಿಯಾದ ಸಂಖ್ಯೆ ಯಾವ ಕೈಪಿಡಿಯಲ್ಲೂ ಇಲ್ಲ. ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು, ಮಡಿಕೇರಿ ಪೇಟೆಯ ಶಾಖೆಗೆ ಒಂದು, ಮುಕ್ಕೋಡ್ಲುವಿನಂಥ ಊರಿಗೆ ಇನ್ನೊಂದು ಎಂದು ಗುಂಪು ಮಾಡಿ ನಿರ್ಧರಿಸುವ ವಿವೇಚನೆಯೇ ಇಲ್ಲಿ ಕಲಿಯಬೇಕಾದ ವಿದ್ಯೆ. ಸಂಪರ್ಕವಿಲ್ಲದಾಗಲೂ ಸಾಧನದಲ್ಲೇ ಜಾರಿಯಲ್ಲಿರುವ ರಕ್ಷಣೆಗಳನ್ನು, ಅಂದರೆ ದತ್ತಾಂಶವನ್ನು ಗೂಢಲಿಪಿಯಾಗಿಸಿಡುವ ಎನ್‌ಕ್ರಿಪ್ಷನ್, ಬಲವಾದ ಪಿನ್, ತಪ್ಪು ಪಿನ್ ಹಲವು ಸಲ ಹಾಕಿದರೆ ತಾನೇ ಅಳಿಸಿಕೊಳ್ಳುವ ವ್ಯವಸ್ಥೆಯನ್ನು, ದೂರದ ಆದೇಶಕ್ಕಿಂತ ಹೆಚ್ಚಾಗಿ ನೆಚ್ಚಿಕೊಳ್ಳಬೇಕೆಂಬುದೂ ಅದರಲ್ಲಿ ಸೇರಿದೆ.

ಸ್ಥಳ ಆಧರಿಸಿದ ನಿಯಮಗಳ ವಿಷಯವೂ ಹೀಗೆಯೇ. ತೋಟದ ಗಡಿ ದಾಟಿದರೆ ಟ್ಯಾಬ್ ಲಾಕ್ ಆಗಲಿ ಎಂದು ಕೇಳುವ ಮಾಲೀಕರಿದ್ದಾರೆ. ದಟ್ಟ ನೆರಳುಮರಗಳ ಕೆಳಗೆ ಜಿಪಿಎಸ್ ನಿಖರತೆ ತಗ್ಗುತ್ತದೆ. ಜಿಪಿಎಸ್ ಸಿಗದಿದ್ದಾಗ ಫೋನು ಟವರನ್ನು ನೋಡಿ ಜಾಗ ಊಹಿಸುತ್ತದೆ. ಕುಟ್ಟದ ಕಡೆ ಆ ಟವರು ಕೇರಳದ್ದಾಗಿರಲೂಬಹುದು. ಅಲ್ಲಿ ತೋಟದೊಳಗೇ ನಿಂತ ರೈಟರ್ ವಯನಾಡಿನಲ್ಲಿದ್ದಾರೆಂದು ವ್ಯವಸ್ಥೆ ತಿಳಿದರೆ ಆಶ್ಚರ್ಯವಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಜಾರಿ ಮುಂದೂಡಿಕೆಯಾಗಿದ್ದರೂ, ಕಾಫಿ ಬೆಳೆದ ಜಾಗದ ಅಕ್ಷಾಂಶ, ರೇಖಾಂಶಗಳನ್ನು, 4 ಹೆಕ್ಟೇರಿಗಿಂತ ದೊಡ್ಡ ಜಮೀನಾದರೆ ಅದರ ಸುತ್ತಳತೆಯ ಬಿಂದುಗಳನ್ನು, ಅದು ಕೇಳುವುದು ಖಚಿತ. ಈ ಮಾಹಿತಿ ಸಂಗ್ರಹವಾಗುವುದೂ ಇದೇ ಫೋನುಗಳಲ್ಲಿ. ನಿಯಮ ಬರೆಯುವವರು ಒಮ್ಮೆಯಾದರೂ ತೋಟದೊಳಗೆ ನಡೆದು ಪರೀಕ್ಷಿಸಬೇಕೆಂದರೆ ಅತಿಯಾಗಲಾರದು.

ಸಿಬ್ಬಂದಿಯ ಖಾಸಗಿತನದ ವಿಷಯದಲ್ಲಿ ನಮ್ಮಲ್ಲಿ ಎರಡು ಅತಿರೇಕಗಳಿವೆ. ಎಂಡಿಎಂ ಹಾಕಿದರೆ ಮೇಲಧಿಕಾರಿ ತಮ್ಮ ಫೋಟೊ, ವಾಟ್ಸ್ಆ್ಯಪ್ ಎಲ್ಲವನ್ನೂ ನೋಡುತ್ತಾರೆಂದು ಹೆದರುವವರು ಒಂದು ಕಡೆ. ಸಂಬಳ ಕೊಡುವವರು ಏನು ಬೇಕಾದರೂ ನೋಡಬಹುದೆಂದು ತಿಳಿದವರು ಇನ್ನೊಂದು ಕಡೆ. ಸ್ವಂತ ಫೋನಿನಲ್ಲಿ ವರ್ಕ್ ಪ್ರೊಫೈಲ್ ಮಾತ್ರ ಹಾಕಿದರೆ ಕಚೇರಿಯ ಆ್ಯಪ್‌ಗಳು ಬೇರೆಯೇ ಕಪಾಟಿನಲ್ಲಿ ಕೂರುತ್ತವೆ, ಸಂಸ್ಥೆಗೆ ಆ ಭಾಗದ ಮೇಲಷ್ಟೇ ಅಧಿಕಾರವಿರುತ್ತದೆ, ಕೆಲಸ ಬಿಟ್ಟಾಗ ಅದೊಂದನ್ನೇ ಅಳಿಸಬಹುದು. ಸಂಸ್ಥೆಯೇ ಕೊಟ್ಟ, ಪೂರ್ಣ ಹತೋಟಿಯ ಸಾಧನದಲ್ಲಿ ಹಾಗಲ್ಲ; ಅಲ್ಲಿ ಸ್ಥಳ ತಿಳಿಯುವ ಸೌಲಭ್ಯವನ್ನು ದಿನವಿಡೀ ತೆರೆದಿಡಲು ಸಾಧ್ಯ. ಸಂಜೆ ಮನೆಗೆ ಹೋದ ಅಂಗನವಾಡಿ ಕಾರ್ಯಕರ್ತೆ ಎಲ್ಲಿದ್ದಾರೆಂಬುದು ಯಾವ ಕಚೇರಿಗೂ ಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಮ್ಮ ತರಬೇತಿಗಳಲ್ಲಿ ಒಮ್ಮೆಯಾದರೂ ಹೇಳಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಮಂಜಸ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಬಳಸಲು ಕಾಯ್ದೆ ಒಂದಿಷ್ಟು ಸಡಿಲ ಕೊಟ್ಟಿದೆ; ಹೋಂಸ್ಟೇ ಅತಿಥಿಯ ಆಧಾರ್ ಪ್ರತಿಯನ್ನು ಮಾಲೀಕರ ಮಗನ ಫೋನಿನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳಲು ಕೊಟ್ಟಿಲ್ಲ. ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ, ತೋಟದ ಕೆಲಸಕ್ಕೆ ಬರುವ ಅಸ್ಸಾಮಿನವರ ಭಾಷೆಯೂ ಇದೆ. ಇದೇ ನೆಲದ ಕೊಡವ ತಕ್ಕ್ ಆಗಲಿ ಅರೆಭಾಷೆಯಾಗಲಿ ಇಲ್ಲ. ಅದು ಬೇರೆ ಹೋರಾಟ. ಐಟಿ ಸಿಬ್ಬಂದಿಯಾದವರು ಕನಿಷ್ಠ ಕನ್ನಡದಲ್ಲಿ, ಸಾಧನ ಪಡೆಯುವವರಿಗೆ ಅರ್ಥವಾಗುವಂತೆ, ಈ ಟ್ಯಾಬಿನಲ್ಲಿ ಸಂಸ್ಥೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಲು ಕಲಿಯಬೇಕು. ಪಾಲಿಸಿ ರೂಪಿಸುವುದಕ್ಕಿಂತ ಇದು ಕಷ್ಟದ ಕೆಲಸ.

ವರ್ಗಾವಣೆ ಮತ್ತು ಕಳವಿನ ಬಗ್ಗೆಯೂ ಒಂದು ಮಾತು ಹೇಳಬೇಕು. ವರ್ಗವಾಗಿ ಹೋದವರು ತಮ್ಮ ಖಾತೆ ತೆಗೆಯದೆ ಟ್ಯಾಬ್ ಒಪ್ಪಿಸಿ, ನಂತರ ಬಂದವರು ಅದನ್ನು ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಆಂಡ್ರಾಯ್ಡಿನ ಕಳವು ರಕ್ಷಣೆ ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಸಂಸ್ಥೆಯ ಖಾತೆಯಿಂದ ಅದನ್ನು ತೆರೆಯುವಂತೆ ಎಂಡಿಎಂನಲ್ಲಿ ಮೊದಲೇ ಏರ್ಪಾಡು ಮಾಡಬಹುದು. ಮಾಡದವರ ಬೀರುಗಳಲ್ಲಿ ಕೆಟ್ಟಿಲ್ಲದ, ಆದರೆ ತೆರೆಯಲಾಗದ ಟ್ಯಾಬುಗಳು ಪೇರಿಸಿಕೊಂಡಿರುತ್ತವೆ. ಕಳುವಾದ ಫೋನನ್ನು ಯಾವ ಮೊಬೈಲ್ ಜಾಲದಲ್ಲೂ ಕೆಲಸ ಮಾಡದಂತೆ ತಡೆಯಲು 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಪೋರ್ಟಲ್ ಇದೆ. ಆದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತಡೆದ ಮಾತ್ರಕ್ಕೆ ಒಳಗಿನ ದತ್ತಾಂಶ ಅಳಿಯುವುದಿಲ್ಲ. ಅಷ್ಟೇ ಅಲ್ಲ, ಅಳಿಸುವ ಆದೇಶ ತಲುಪುವ ಮೊದಲೇ ಜಾಲವನ್ನು ತಡೆದುಬಿಟ್ಟರೆ ಆ ಆದೇಶ ಮೊಬೈಲ್ ಜಾಲದ ಮೂಲಕ ಹೋಗಲಾರದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅಭ್ಯಾಸ ತರಬೇತಿಯಲ್ಲೇ ಆಗಬೇಕು.

ಇದಕ್ಕೆಲ್ಲ ದೊಡ್ಡ ವೆಚ್ಚವೇನೂ ಬೇಡ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿದೆ, ಎರಡರಲ್ಲೂ ಪ್ರಯೋಗಾಲಯಗಳಿವೆ. ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ಆಂಡ್ರಾಯ್ಡ್ ಆವೃತ್ತಿಗಳ ಹತ್ತಿಪ್ಪತ್ತು ಹಳೆಯ ಫೋನು, ಒಂದೆರಡು ಐಪ್ಯಾಡ್, ಪರೀಕ್ಷೆಗೆಂದೇ ಒಂದು ಡೊಮೇನ್, ಪ್ರಾಯೋಗಿಕ ಪರವಾನಗಿ ಅಥವಾ ಮುಕ್ತ ತಂತ್ರಾಂಶ, ಇಷ್ಟಿದ್ದರೆ ಆರಂಭಿಸಬಹುದು. ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2023ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಮೊಬೈಲ್ ಸಾಧನಗಳ ಭದ್ರತೆಯ ಕುರಿತ 800-124 ಸಂಖ್ಯೆಯ ಮಾರ್ಗದರ್ಶಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಅಗತ್ಯ ಗುರುತಿಸುವುದರಿಂದ ಹಿಡಿದು ಸಾಧನವನ್ನು ವಿಲೇವಾರಿ ಮಾಡುವವರೆಗಿನ ಹಂತಗಳನ್ನು ಅದು ವಿವರಿಸುತ್ತದೆ, ಪಠ್ಯದ ಬೆನ್ನೆಲುಬಾಗಬಲ್ಲುದು. ಪ್ರಮಾಣಪತ್ರ ಬೇಕೆನ್ನುವವರಿಗೆ ಮೈಕ್ರೋಸಾಫ್ಟಿನ ಎಂಡಿ-102 ಪರೀಕ್ಷೆಯಂಥವು ಇವೆ. ಪ್ರಮಾಣಪತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬೆಂಗಳೂರಿನಲ್ಲಿ ಕೆಲಸ ಹುಡುಕುವ ನಮ್ಮ ಮಕ್ಕಳಿಗೆ ಅದು ಬೇಕಾಗುತ್ತದೆ. ಆದರೆ ಜಿಲ್ಲೆಯ ತರಬೇತಿಯ ಅಳತೆಗೋಲು ಬೇರೆಯಿರಲಿ: ಕಲಿತವರು ಐದು ಸಾಧನಗಳಿಗೆ ಒಂದು ಪಾಲಿಸಿ ಹಾಕಿ, ವಾರ ಕಾದು, ದೂರುಗಳನ್ನು ಕೇಳಿ, ತಿದ್ದಿ, ಆಮೇಲೆ ಐವತ್ತಕ್ಕೆ ವಿಸ್ತರಿಸಿದ ದಾಖಲೆಯನ್ನು ತೋರಿಸಬೇಕು.

ನಮ್ಮ ಸಂಘ ಚಿಕ್ಕದು, ಇರುವುದೇ ಎಂಟು ಟ್ಯಾಬು, ನಮಗೇಕೆ ಇದೆಲ್ಲ ಎಂಬ ಆಕ್ಷೇಪ ಬರುವುದು ಸಹಜ. ಪ್ರತಿ ಸಂಘವೂ ಒಬ್ಬ ಪರಿಣತರನ್ನು ಇಟ್ಟುಕೊಳ್ಳಲಾಗದು ಎಂಬುದನ್ನು ಒಪ್ಪುತ್ತೇನೆ. ತಾಲ್ಲೂಕಿಗೊಬ್ಬರು ತರಬೇತಾದವರನ್ನು ಹಲವು ಸಂಘಗಳು ಸೇರಿ ನೇಮಿಸಿಕೊಳ್ಳುವುದಕ್ಕೆ ಸಹಕಾರ ತತ್ತ್ವದಲ್ಲಿ ಅಡ್ಡಿಯೇನೂ ಇಲ್ಲ. ಐದು ತಾಲ್ಲೂಕಿಗೆ ಐವರು, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳಲು ಇನ್ನೈವರು ಎಂದರೂ ಮೊದಲ ತಂಡ ಹತ್ತು ಜನರದು. ಹೊರಗುತ್ತಿಗೆ ಕೊಟ್ಟರಾಯಿತು ಎನ್ನುವವರು ಟೆಂಡರಿನಲ್ಲಿ ಎರಡು ಷರತ್ತುಗಳನ್ನಾದರೂ ಸೇರಿಸಲಿ. ಮುಖ್ಯ ಅಡ್ಮಿನ್ ಖಾತೆ, ಸರ್ಟಿಫಿಕೇಟು, ಡೊಮೇನು ಎಲ್ಲವೂ ಸಂಸ್ಥೆಯ ಹೆಸರಿನಲ್ಲೇ ಇರತಕ್ಕದ್ದು. ಗುತ್ತಿಗೆ ಮುಗಿಯುವ ಮುನ್ನ ಸಂಸ್ಥೆಯ ಒಬ್ಬ ನೌಕರರು ಗುತ್ತಿಗೆದಾರರ ನೆರವಿಲ್ಲದೆ ಒಂದು ಸಾಧನವನ್ನು ನೋಂದಾಯಿಸಿ, ಲಾಕ್ ಮಾಡಿ, ಅಳಿಸಿ ತೋರಿಸತಕ್ಕದ್ದು.

ಸಮಯದ ಬಗ್ಗೆ ಕೊನೆಯದಾಗಿ ಒಂದು ಸಲಹೆ. ರೋಬಸ್ಟಾ ಕುಯ್ಲು ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಭಾಗವನ್ನು ನಡೆಸಿದರೆ ತೋಟದ ಕಚೇರಿಯವರೂ ಬರಬಲ್ಲರು. ಎರಡನೆಯ ಭಾಗವನ್ನು ಮಾತ್ರ ಜುಲೈ ಕೊನೆಯಲ್ಲಿ, ಕಕ್ಕಡದ ಮಳೆ ಹಿಡಿದಿರುವಾಗ, ಸಾಧ್ಯವಾದರೆ ಭಾಗಮಂಡಲದ ಆಸುಪಾಸಿನ ಯಾವುದಾದರೂ ಶಾಲೆಯಲ್ಲಿ ಇಟ್ಟುಕೊಳ್ಳಬೇಕು. ಆ ದಿನ ಕರೆಂಟು ಹೋದರೆ ದಯವಿಟ್ಟು ಜನರೇಟರ್ ಹಾಕಬೇಡಿರೆಂದು ಸಂಘಟಕರಲ್ಲಿ ಈಗಲೇ ವಿನಂತಿಸಿಕೊಳ್ಳುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ
ಗೋಣಿಕೊಪ್ಪಲು, ದಕ್ಷಿಣ ಕೊಡಗು